ಎದುರು ಕೂತು ಮಾತಾಡುವ ಅವಕಾಶ ಸಿಕ್ಕರೆ ನೀವು ಯಾರನ್ನು ಆರಿಸುತ್ತೀರಿ? ಯುವಜನ ಕೂಟಕ್ಕೆ ಸಲಹೆ ಬೇಕು

ಕೀರ್ತನೆ_ಕಂಟೋನ್ಮೆಂಟ್
ಎಲ್ಲರಿಗೂ ವಂದನೆ. ನಮ್ಮ ಕನ್ನಡ ಸಭೆಯ ಯುವಜನ ಕೂಟದಲ್ಲಿ ಮುಂದಿನ ತಿಂಗಳು ಒಂದು ಸಂಜೆ ಇಟ್ಟುಕೊಂಡಿದ್ದೇವೆ. ವಿಷಯ ಇಷ್ಟೇ: ಕ್ರಿಸ್ತನ ದಾರಿಯಲ್ಲಿ ನಡೆದ ಒಬ್ಬರನ್ನು ಭೇಟಿ ಮಾಡಬಹುದಾದರೆ ಯಾರನ್ನು ಮಾಡುತ್ತೀರಿ, ಅವರಿಗೆ ಕೇಳುವ ಒಂದೇ ಪ್ರಶ್ನೆ ಯಾವುದು? ಸುಮಾರು ಮೂವತ್ತು ಜನ, ಒಂದೂವರೆ ಗಂಟೆ ಸಮಯ.

ಹೆಸರು ಸೂಚಿಸಿ, ಪ್ರಶ್ನೆಯನ್ನೂ ಸೂಚಿಸಿ. ಬರೀ ಹೊಗಳಿಕೆ ಭಾಷಣ ಆಗಬಾರದು ಅನ್ನುವುದು ನಮ್ಮ ಚಿಂತೆ. ಕನ್ನಡ ನಾಡಿಗೆ ಸಂಬಂಧಪಟ್ಟವರು ಒಬ್ಬಿಬ್ಬರಾದರೂ ಇದ್ದರೆ ಒಳ್ಳೆಯದು.

ಹಳೇಪುಟ
ಯೋಚನೆಯೇ ಬೇಡ, ಫರ್ಡಿನೆಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದವರು. 1872ರಲ್ಲಿ ಕೇಶಿರಾಜನ ಹಳೆಯ ವ್ಯಾಕರಣ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು, ಸುಮಾರು 70,000 ಪದ. 1903ರಲ್ಲಿ ವ್ಯಾಕರಣ ಬಂತು, ಅದೇ ವರ್ಷ ತೀರಿಕೊಂಡರು.

ಹುಡುಗರಿಗೆ ಇದನ್ನೆಲ್ಲ ಹೇಳುವ ಬದಲು ನಿಘಂಟನ್ನೇ ತೆರೆದು ತೋರಿಸಿ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. "ನಂಬು" ಅನ್ನುವ ಪದ ಹುಡುಕಲಿ. ಒಂದು ಮಾತಿನ ಅರ್ಥ, ಅದರ ತಮಿಳು-ತೆಲುಗು-ಮಲಯಾಳಂ ಬಳಗ, ಜನ ಆಡುವ ಗಾದೆ, ಹಳೆಯ ಕಾವ್ಯದ ಬಳಕೆ, ಇವೆಲ್ಲ ಒಟ್ಟಿಗೆ ಬರುವ ರೀತಿ ಕಂಡರೆ ಆ ಮನುಷ್ಯ ಎಷ್ಟು ಜನರ ಬಾಯಿಗೆ ಕಿವಿಗೊಟ್ಟು ಕೂತಿರಬೇಕು ಅಂತ ಹೊಳೆಯುತ್ತದೆ. ನನ್ನ ಪ್ರಶ್ನೆ: "ಸುವಾರ್ತೆ ಸಾರಲು ಬಂದವರು ನೀವು. ಪದ ಹೆಕ್ಕುವುದೂ ಸೇವೆಯೇ ಅಂತ ಯಾವತ್ತು ಖಾತ್ರಿಯಾಯಿತು?"

ಮೇಣದಬತ್ತಿ
ಕಿಟೆಲ್‌ಗೆ ನನ್ನದೂ ಒಂದು ಓಟು. ಕನ್ನಡದ ಮೊಟ್ಟಮೊದಲ ನಿಘಂಟು ಕೊಟ್ಟವರು!

ಶಾಸನಪ್ರಿಯ
ಮೇಣದಬತ್ತಿಯವರೇ, ಅದು ಮೊದಲನೆಯದಲ್ಲ. ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದಿದೆ. 1832 ಅಂದರೆ ಕಿಟೆಲ್ ಹುಟ್ಟಿದ ವರ್ಷ. ಕೇಶಿರಾಜನಿಗೂ ಮೊದಲಿನಿಂದಲೇ ನಮ್ಮಲ್ಲಿ ಪದಕೋಶದ ಕೆಲಸ ನಡೆದಿದೆ. ಕಿಟೆಲ್ ದೊಡ್ಡವರು, ಆದರೆ ದೊಡ್ಡವರು ಅನ್ನೋದಕ್ಕೆ "ಮೊದಲಿಗರು" ಅನ್ನುವ ತಪ್ಪು ಪಟ್ಟ ಬೇಕಿಲ್ಲ.

ಇಂಥ ಸಂಜೆಗಳಲ್ಲಿ ಬೆಂಗಳೂರಿನವರು ಮಾಡುವ ಇನ್ನೆರಡು ತಪ್ಪು ಈಗಲೇ ಹೇಳಿಬಿಡುತ್ತೇನೆ.

ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ (ಚರ್ಚು) ಲಂಡನ್ ಮಿಶನ್ನಿನ ರೆವರೆಂಡ್ ಬೆಂಜಮಿನ್ ರೈಸ್ ಅವರ ಹೆಸರಿನದು. ಶಾಸನ ಓದಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದವರು ಮಗ, ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಅಪ್ಪ-ಮಗನನ್ನು ಒಬ್ಬರನ್ನಾಗಿ ಮಾಡಿ ಭಾಷಣ ಹೊಡೆಯುವವರೇ ಹೆಚ್ಚು.

ಹಾಗೇ ಹಡ್ಸನ್ ಮತ್ತು ಹಾಡ್ಸನ್. ಹಡ್ಸನ್ ವೃತ್ತದ ದೇವಾಲಯ (1904) ಇರುವುದು ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಶನರಿ ಜೊಸಾಯ ಹಡ್ಸನ್ ನೆನಪಿಗೆ. ಕನ್ನಡ ವ್ಯಾಕರಣ ಬರೆದ ಥಾಮಸ್ ಹಾಡ್ಸನ್ ಬೇರೆ.

ಮೇಣದಬತ್ತಿ
ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ಹಡ್ಸನ್-ಹಾಡ್ಸನ್ ನನಗೂ ಒಂದೇ ಆಗಿತ್ತು.

ಸಂಜೆಗಂಟೆ_ಶಿವಾಜಿನಗರ
ಕಥೋಲಿಕರ ಕಡೆಯಿಂದ ಒಂದು ಹೆಸರು: ಕಲ್ಕತ್ತೆಯ ಮದರ್ ತೆರೇಸಾ. "ಎಲ್ಲರಿಗೂ ಗೊತ್ತಿರೋರೇ ಅಲ್ವಾ" ಅಂತ ತಳ್ಳಿಹಾಕಬೇಡಿ. ಗೊತ್ತಿರುವುದು ನೀಲಿ ಅಂಚಿನ ಸೀರೆ ಮತ್ತು 1979ರ ನೊಬೆಲ್ ಮಾತ್ರ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್ ರೈಲಿನಲ್ಲಿ ಅವರಿಗೆ ಬಡವರ ಸೇವೆಗೆ ದೇವರ ಕರೆ ಬಂತು, 1950ರಲ್ಲಿ ಮಿಶನರೀಸ್ ಆಫ್ ಚಾರಿಟಿ ಸಂಸ್ಥೆ ಶುರುವಾಯಿತು. ಅವರು ತಮ್ಮ ಆತ್ಮಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದ ಮೇಲೆ ಗೊತ್ತಾದ ಸಂಗತಿ ಬೇರೆಯೇ. ಕೆಲಸ ಶುರುವಾದಲ್ಲಿಂದ ಕೊನೆಯವರೆಗೂ, ನಡುವೆ 1958ರಲ್ಲಿ ಕೆಲವು ವಾರ ಬಿಟ್ಟರೆ, ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯವೇ ಅವರಿಗೆ ತಟ್ಟುತ್ತಿರಲಿಲ್ಲ. ಒಳಗೆ ಕತ್ತಲು, ಹೊರಗೆ ದಿನವೂ ಬಲಿಪೂಜೆ (ಮಾಸ್), ಜಪಸರ, ಸಾಯುವವರ ಆರೈಕೆ.

"ಪ್ರಾರ್ಥನೆ ಮಾಡಿದರೆ ಏನೂ ಅನ್ನಿಸಲ್ಲ" ಅನ್ನುವ ಇಪ್ಪತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಹತ್ತಿರದವರು ಯಾರು? ಪ್ರಶ್ನೆ: "ಏನೂ ಅನ್ನಿಸದ ದಿನ ಬೆಳಿಗ್ಗೆ ಎದ್ದು ಮೊಣಕಾಲೂರಿದಾಗ ಯಾವ ಮಾತು ಆಡುತ್ತಿದ್ದಿರಿ?"

ವಾಕ್ಯವೊಂದೇ
ಒಂದು ಆಕ್ಷೇಪ. ಮನುಷ್ಯರನ್ನು ಹೀಗೆ ಎತ್ತಿ ಹಿಡಿದರೆ ಕೊನೆಗೆ ಅವರೇ ಮುಂದೆ, ಕರ್ತನು ಹಿಂದೆ ಆಗಲ್ವಾ? ಭೇಟಿ ಮಾಡಬೇಕಾದವನು ಯೇಸು ಒಬ್ಬನೇ. ಸಂತರ ವಿಷಯದಲ್ಲಿ ಆಗಿರುವುದೂ ಇದೇ.

ಸಂಜೆಗಂಟೆ_ಶಿವಾಜಿನಗರ
ಬ್ರದರ್, ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ. ಅವರನ್ನು ನಮಗಾಗಿ ಪ್ರಾರ್ಥಿಸಿ ಅಂತ ಕೇಳುತ್ತೇವೆ, ಅಷ್ಟೇ. ಸಂತ ಪದವಿ ಸುಮ್ಮನೆ ಬರುವುದೂ ಇಲ್ಲ. ಸತ್ತ ಮೇಲೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು, ಬರೆದದ್ದು ಆಡಿದ್ದು ಎಲ್ಲ ಪರಿಶೀಲನೆ ಆಗಬೇಕು, ಎದುರು ಸಾಕ್ಷಿಗಳನ್ನೂ ಕೇಳುತ್ತಾರೆ. ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವರು) ಅಲ್ಲದವರಿಗೆ "ಧನ್ಯರು" ಅನ್ನಲು ಒಂದು ಅದ್ಭುತ, "ಸಂತರು" ಅನ್ನಲು ಇನ್ನೊಂದು. ಮದರ್ ತೀರಿದ್ದು 1997, ಧನ್ಯರಾದದ್ದು 2003, ಸಂತರಾದದ್ದು 2016. ಅವರಿಗೆ ಐದು ವರ್ಷದ ಕಾಯುವಿಕೆಯಲ್ಲಿ ವಿನಾಯಿತಿ ಸಿಕ್ಕಿತ್ತು, ಆದರೂ ಇಷ್ಟು ಕಾಲ ಹಿಡಿಯಿತು.

ಶಾಸನಪ್ರಿಯ
ವಾಕ್ಯವೊಂದೇ ಅವರಿಗೆ ಉತ್ತರ ವಾಕ್ಯದಲ್ಲೇ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆ 11ನೇ ಅಧ್ಯಾಯ ಪೂರ್ತಿ ಹೆಸರುಗಳೇ. ಅದರಲ್ಲಿ ಯಾರ್ಯಾರಿದ್ದಾರೆ ನೋಡಿ: ಕುಡಿದು ಬಿದ್ದ ನೋಹ, ಹೆಂಡತಿಯನ್ನು ತಂಗಿ ಅಂದ ಅಬ್ರಹಾಮ, ರಾಹಾಬಳು, ಸಂಸೋನ. ಇವರ ತಪ್ಪುಗಳನ್ನು ಹಳೆಯ ಒಡಂಬಡಿಕೆ ಮುಚ್ಚಿಡಲಿಲ್ಲ, ಆದರೂ ಪತ್ರಿಕೆ ಇವರ ನಂಬಿಕೆಯನ್ನು ನೆನೆಯುತ್ತದೆ. 12ನೇ ಅಧ್ಯಾಯ ಶುರುವಾಗುತ್ತಲೇ ಯೇಸುವಿನ ಮೇಲೆ ದೃಷ್ಟಿ ಇಡಿ ಅನ್ನುತ್ತದೆ. ಇಬ್ಬರನ್ನೂ ಕಾಣಿಸುವ ಕ್ರಮ ಅದು.

ವಾಕ್ಯವೊಂದೇ
ಆ ಕ್ರಮದಲ್ಲಿ ಮಾಡಿದರೆ ನನ್ನ ತಕರಾರಿಲ್ಲ. ಹಾಗಾದರೆ ಆ ಸಂಜೆ 11ನೇ ಅಧ್ಯಾಯ ಓದಿಯೇ ಶುರು ಮಾಡಿ, 12ರ ಮೊದಲ ಮೂರು ವಚನ ಓದಿ ಮುಗಿಸಿ.

ಮೇಣದಬತ್ತಿ
ಒಂದು ಉಪಪ್ರಶ್ನೆ. ನಾವು "ನಂಬಿಕೆ" ಅಂತೀವಿ, ಕಥೋಲಿಕ ಗೆಳೆಯರು "ವಿಶ್ವಾಸ" ಅಂತಾರೆ. ಕರಪತ್ರದಲ್ಲಿ ಯಾವುದು ಹಾಕೋದು?

ಹಳೇಪುಟ
ಎರಡೂ ಸರಿ. "ನಂಬಿಕೆ" ದ್ರಾವಿಡ ಪದ, ಹಳೆಯ ಸತ್ಯವೇದದ ಅನುವಾದದಲ್ಲಿ ಅದೇ ಇದೆ. "ವಿಶ್ವಾಸ" ಸಂಸ್ಕೃತದಿಂದ ಬಂದದ್ದು. ಕೇಳಿದವರಿಗೆ ಬೇಗ ಎದೆಗೆ ಇಳಿಯುವುದು ನಂಬಿಕೆ ಅಂತ ನನ್ನ ಅಭಿಪ್ರಾಯ. ಬೇರೆ ಸಭೆಗಳವರನ್ನೂ ಕರೆಯುತ್ತಿದ್ದರೆ ಎರಡನ್ನೂ ಬಳಸಿ.

ಗಂಗಾಮೂಲ
ಇಷ್ಟು ಹೊತ್ತಾದರೂ ಪಂಡಿತಾ ರಮಾಬಾಯಿ ಹೆಸರು ಯಾರೂ ಎತ್ತಲಿಲ್ಲವಲ್ಲ! ಮರಾಠಿಯವರು ಅಂತ ಬಿಟ್ಟಿರಾ? ಅವರು ಹುಟ್ಟಿದ್ದು 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆ ನೇತ್ರಾವತಿ ಹುಟ್ಟುವ ಜಾಗದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೇ ಸಂಪ್ರದಾಯಸ್ಥರನ್ನು ಎದುರು ಹಾಕಿಕೊಂಡು ಕಾಡಿಗೆ ಹೋಗಿ ನೆಲೆಸಿದವರು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಕ್ಷಾಮದಲ್ಲಿ ತಂದೆತಾಯಿ ಇಬ್ಬರೂ ಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪರೀಕ್ಷಿಸಿ "ಪಂಡಿತಾ" ಅಂದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ. 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಆಮೇಲೆ ಪುಣೆ ಹತ್ತಿರ ಕೇಡಗಾಂವದಲ್ಲಿ ಮುಕ್ತಿ ಮಿಶನ್.

ನನಗೆ ಅವರು ಯಾಕೆ ಬೇಕು ಅಂದರೆ, ದೀಕ್ಷಾಸ್ನಾನ ಆದ ಮೇಲೂ ತಲೆ ಅಡವಿಡಲಿಲ್ಲ. ವಾಂಟೇಜ್‌ನಲ್ಲಿ ತಮಗೆ ಆತ್ಮಿಕ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಬರೆದ ಪತ್ರಗಳಲ್ಲಿ ತ್ರಿಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಅನ್ನುವ ಬೋಧನೆ) ಬಗ್ಗೆ, ಬಿಷಪ್ಪರ ಅಧಿಕಾರದ ಬಗ್ಗೆ ನೇರವಾಗಿ ಜಗಳ ಆಡುತ್ತಾರೆ. ಒಂದು ಪುರೋಹಿತಶಾಹಿ ಬಿಟ್ಟು ಬಂದಿದ್ದು ಇನ್ನೊಂದಕ್ಕೆ ತಲೆಬಾಗಲಿಕ್ಕಲ್ಲ ಅನ್ನುವ ಧೋರಣೆ. ಕೊನೆಯ ವರ್ಷಗಳಲ್ಲಿ ಹೀಬ್ರೂ-ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ ಅನುವಾದ ಮಾಡಿದರು, ಮುಕ್ತಿಯ ಹೆಣ್ಣುಮಕ್ಕಳೇ ಅದನ್ನು ಅಚ್ಚಿಸಿದರು. ಮಗಳು ಮನೋರಮಾ 1921ರಲ್ಲಿ ತೀರಿದರು, ಇವರು 1922ರ ಏಪ್ರಿಲ್ 5ಕ್ಕೆ.

ಪ್ರಶ್ನೆ: "ದೇವರಿಗೆ ಪೂರ್ತಿ ಶರಣಾಗಿ, ಸಭೆಯ ಹಿರಿಯರಿಗೆ ಇಲ್ಲ ಅನ್ನುವುದು ಹೇಗೆ?" ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಲೇಬೇಕು.

ಹಳೇಪುಟ
ಗಂಗಾಮೂಲ ಅಕ್ಕಾ, ಒಪ್ಪಿದೆ. ಕಿಟೆಲ್ ಎರಡನೇ ಸ್ಥಾನಕ್ಕೆ ಹೋದರೂ ಬೇಸರವಿಲ್ಲ.

ದಾದಿಯರ_ದೀಪ
ವೈದ್ಯಕೀಯದಿಂದ ಇಬ್ಬರು. ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್, ಡಾ. ಮೇರಿ ವರ್ಗೀಸ್.

ಬ್ರ್ಯಾಂಡ್ 1914ರಲ್ಲಿ ಕೊಲ್ಲಿಮಲೈ ಬೆಟ್ಟದಲ್ಲಿ ಮಿಶನರಿ ದಂಪತಿಗೆ ಹುಟ್ಟಿದವರು. ಕುಷ್ಠದಲ್ಲಿ ಮಾಂಸ ಕೊಳೆತು ಬೆರಳು ಉದುರುತ್ತದೆ ಅಂತ ಆಗ ನಂಬಿಕೆ. ಇವರು ತೋರಿಸಿದ್ದು ಬೇರೆ. ರೋಗ ನರಗಳಿಗೆ ಹೊಡೆಯುತ್ತದೆ, ನೋವು ಗೊತ್ತಾಗುವುದಿಲ್ಲ, ನೋವು ಗೊತ್ತಾಗದವನು ಬಿಸಿ ಪಾತ್ರೆ ಹಿಡಿದೇ ಇರುತ್ತಾನೆ, ಮೊಳೆ ಚುಚ್ಚಿದ ಕಾಲಲ್ಲೇ ನಡೆಯುತ್ತಾನೆ, ರಾತ್ರಿ ಇಲಿ ಕಡಿದರೂ ಏಳುವುದಿಲ್ಲ. ಗಾಯ ಆಗುತ್ತಾ ಆಗುತ್ತಾ ಬೆರಳು ಮೊಟಕಾಗುತ್ತದೆ. ಇಲಿಗೆ ಮದ್ದು ಬೆಕ್ಕು! ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕು ಕಳಿಸುತ್ತಿದ್ದರು.

ಕೈ ಕೊಕ್ಕೆಯಂತೆ ಮಡಚಿಕೊಳ್ಳುವುದಕ್ಕೆ ಕಾರಣ ಮೊಣಕೈ ಹತ್ತಿರದ ನರ ಸತ್ತು ಅಂಗೈಯ ಸಣ್ಣ ಸ್ನಾಯುಗಳು ನಿಲ್ಲುವುದು. ಮುಂಗೈಯ ಕೆಲವು ಸ್ನಾಯುಗಳು ಚೆನ್ನಾಗಿಯೇ ಇರುತ್ತವೆ. ಅಲ್ಲಿಂದ ಸ್ನಾಯುರಜ್ಜು ತಂದು ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಶುರು ಮಾಡಿದರು. ಪಾದದ ಹುಣ್ಣಿಗೆ ಮುಲಾಮಿಗಿಂತ ಮುಖ್ಯ ಭಾರ ಬೀಳದಂತೆ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಡುವುದು, ಆಮೇಲೆ ಮೆತ್ತನೆ ರಬ್ಬರ್ ಚಪ್ಪಲಿ. ನೋವು ದೇವರು ಕೊಟ್ಟ ಕಾವಲು ಅಂತ ಅವರು ಹೇಳಿದ್ದು ಈ ಪಾದಗಳನ್ನು ನೋಡಿ.

ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ನಿಂತು ಮಾಡುವ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ, ಕುಷ್ಠರೋಗಿಯ ಕೈಗೆ ಕೂತು ಮಾಡಬಹುದು. ಹಾಗೆ ಗಾಲಿಕುರ್ಚಿಯಲ್ಲಿ ಕೂತೇ ಮಾಡಿದರು. 1966ರಲ್ಲಿ ವೆಲ್ಲೂರಿನ ಪುನರ್ವಸತಿ ಕೇಂದ್ರ ಅವರ ನೇತೃತ್ವದಲ್ಲಿ ತೆರೆಯಿತು. ನನ್ನ ಪ್ರಶ್ನೆ ಇವರಿಗೆ: "ಗುಣ ಮಾಡು ಅಂತ ಕೇಳಿದ ಪ್ರಾರ್ಥನೆ ಈಡೇರದೆ ಹೋದ ಮೇಲೆ, ದೇವರನ್ನು ಮತ್ತೆ ಏನು ಕೇಳಿದಿರಿ?"

ವಾಕ್ಯವೊಂದೇ
ಈ ಕೊನೆಯ ಪ್ರಶ್ನೆ ಬಹಳ ಒಳ್ಳೆಯದು. ಸ್ವಸ್ಥತೆಯ ಕೂಟಗಳಿಗೆ ಹೋಗಿ ಗುಣವಾಗದೆ ಬಂದವರಿಗೆ "ನಿನ್ನ ನಂಬಿಕೆ ಸಾಲದು" ಅನ್ನುವುದುಂಟು. ಅದು ಕ್ರೂರ. ಪ್ರಾರ್ಥಿಸಿದರೂ ಅಪೊಸ್ತಲ ಪೌಲನ ಶರೀರದ ಶೂಲವೂ (ಅವನನ್ನು ಕಾಡಿದ ಬಾಧೆ) ಹೋಗಲಿಲ್ಲ.

ನೆರೆಮನೆ_ಓದುಗ
ನಾನು ಕ್ರೈಸ್ತನಲ್ಲ, ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ನೇರ ಪ್ರಶ್ನೆ: ಕಿಟೆಲ್, ಮೋಗ್ಲಿಂಗ್ ಎಲ್ಲ ಕನ್ನಡ ಕೆಲಸ ಮಾಡಿದ್ದು ಮತಾಂತರಕ್ಕೆ ಅಲ್ಲವೇ? ಅದನ್ನು ನಿಮ್ಮ ಹುಡುಗರಿಗೆ ಹೇಳುತ್ತೀರಾ?

ಶಾಸನಪ್ರಿಯ
ಹೇಳಬೇಕು. ಅವರೇ ಮುಚ್ಚಿಟ್ಟಿರಲಿಲ್ಲ, ಮಿಶನ್ ಕಳಿಸಿದ್ದೇ ಅದಕ್ಕೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಪತ್ರಿಕೆ ತಂದರು. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ. ಮುಂದಿನ ವರ್ಷ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯಿತು. ಜುಲೈ 1 ನಮಗೆ ಪತ್ರಿಕಾ ದಿನ ಆದದ್ದು ಅದರಿಂದಲೇ. ಅದೇ ಮನುಷ್ಯ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಜನರನ್ನು ಅರಿಯದೆ ಅವರಿಗೆ ಬೋಧಿಸಲಾಗದು ಅಂತ ಶುರುವಾದದ್ದು, ಆ ಸಾಹಿತ್ಯದ ಮೇಲಿನ ಪ್ರೀತಿಯಾಗಿಯೂ ಬೆಳೆಯಿತು. ಎರಡನ್ನೂ ಒಟ್ಟಿಗೆ ಹೇಳಿದರೇ ಸತ್ಯ. ಒಂದನ್ನು ಹೇಳಿ ಇನ್ನೊಂದು ಬಿಟ್ಟರೆ ನಿಮ್ಮ ಕಡೆಯದಾಗಲಿ ನಮ್ಮ ಕಡೆಯದಾಗಲಿ, ಅರ್ಧ ಮಾತು.

ನೆರೆಮನೆ_ಓದುಗ
ಒಪ್ಪಿದೆ. ನೇರವಾಗಿ ಹೇಳಿದ್ದಕ್ಕೆ ಧನ್ಯವಾದ.

ಧಾರವಾಡ_ಪೇಡೆ
ಹಂಗಾದ್ರ ನಮ್ಮ ಉತ್ತಂಗಿ ಚನ್ನಪ್ಪನವರನ್ನ ಮರೆತೇಬಿಟ್ರೇನ್ರೀ? 1881ರಾಗ ಧಾರವಾಡದಾಗ ಹುಟ್ಟಿದವರು, ಬಾಸೆಲ್ ಮಿಶನ್ ಪಾದ್ರಿ. ಊರೂರು ತಿರುಗಿ, ಓಲೆಗರಿ ಕೂಡಿಸಿ, ಹಾಡೋರ ಬಾಯಿಂದ ಕೇಳಿ ಸರ್ವಜ್ಞನ ವಚನಗಳನ್ನ 1924ರಾಗ ಪ್ರಕಟಿಸಿದ್ರು. ಇವತ್ತು ಶಾಲೆ ಹುಡುಗರು ಸರ್ವಜ್ಞನ ತ್ರಿಪದಿ ಓದ್ತಾರಂದ್ರ ಅದರ ಹಿಂದ ಒಬ್ಬ ಪಾದ್ರಿಯ ದುಡಿಮೆ ಐತಿ. 1949ರಾಗ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. "ತಿರುಳ್ಗನ್ನಡದ ತಿರುಕ" ಅಂತ ಅವರನ್ನ ಕರೀತಾರ. ಹೊರದೇಶದಿಂದ ಬಂದವರು ಕನ್ನಡ ಕಲಿತದ್ದು ಒಂದು ತೂಕ. ಇಲ್ಲೇ ಹುಟ್ಟಿ, ಕ್ರಿಸ್ತನನ್ನೂ ಬಿಡದ, ಶರಣರನ್ನೂ ಬಿಡದ ಬಾಳಿದ್ದು ಇನ್ನೊಂದು ತೂಕ.

ಮೇಣದಬತ್ತಿ
ಉತ್ತಂಗಿಯವರು ಪಾದ್ರಿ ಅಂತಲೇ ಗೊತ್ತಿರಲಿಲ್ಲ!! ಇವರನ್ನು ಪಟ್ಟಿಗೆ ಹಾಕಿ.

ಹಂಚಿನಮನೆ
ಬಾಸೆಲ್ ಮಿಶನ್ ಅಂದಾಗ ಹಂಚು ಬಿಡೋ ಹಾಗಿಲ್ಲ. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು, ನೇತ್ರಾವತಿ ದಡದ ಜೇಡಿಯಿಂದ. ದೀಕ್ಷಾಸ್ನಾನ ಪಡೆದವರಿಗೆ ಮನೆ, ಜಾತಿ, ಕುಲಕಸುಬು ಎಲ್ಲ ತಪ್ಪಿದಾಗ ಹೊಟ್ಟೆಗೆ ದಾರಿ ಬೇಕಿತ್ತು. ಉಪದೇಶ ಮಾಡಿ ಕೈ ತೊಳೆದುಕೊಳ್ಳಲಿಲ್ಲ.

ಗಂಗಾಮೂಲ
ಹಂಚಿನಿಂದ ಮತ್ತೆ ಮನುಷ್ಯರ ಕಡೆ ಬನ್ನಿ. ಗ್ಲಾಡಿಸ್ ಸ್ಟೇನ್ಸ್ ಅವರನ್ನು ಸೇರಿಸಬೇಕು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ, ಮಕ್ಕಳಾದ ಫಿಲಿಪ್, ತಿಮೊಥಿ ಮೂವರನ್ನೂ ವಾಹನದಲ್ಲೇ ಸುಟ್ಟರು. ಇವರು ಕ್ಷಮಿಸಿದ್ದೇನೆ ಅಂದರು, ಊರು ಬಿಡದೆ ಬಾರಿಪದಾದ ಕುಷ್ಠರೋಗಿಗಳ ಸೇವೆಯಲ್ಲೇ ಇನ್ನೂ ಕೆಲವು ವರ್ಷ ಇದ್ದರು. 2005ರಲ್ಲಿ ಪದ್ಮಶ್ರೀ.

ದಾದಿಯರ_ದೀಪ
ಸೇರಿಸಿ, ಆದರೆ ಎಚ್ಚರ. ಕ್ಷಮೆ ಅಂದರೆ ಕೇಸು ಕೈಬಿಡುವುದು ಅಂತ ಹುಡುಗರು ತಿಳಿದುಕೊಳ್ಳಬಾರದು. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಕ್ಷಮಿಸಿ ಸುಮ್ಮನಿರಮ್ಮ" ಅಂತ ಹೇಳಲು ಈ ಹೆಸರು ಬಳಕೆಯಾಗಬಾರದು. ಆ ಕೊಲೆ ಪ್ರಕರಣ ನಡೆದೇ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಕ್ಷಮಿಸಿದ್ದು ಅವರು, ಶಿಕ್ಷೆ ಕೊಟ್ಟದ್ದು ಕಾನೂನು.

ಗಂಗಾಮೂಲ
ಅದನ್ನು ಬಿಡಿಸಿ ಹೇಳಲೇಬೇಕು, ಹೌದು.

ಕೀರ್ತನೆ_ಕಂಟೋನ್ಮೆಂಟ್
ಎಷ್ಟೊಂದು ಹೆಸರು! ಈಗ ನಡೆಸುವ ಬಗೆ ಹೇಳಿ. ಮೂವತ್ತು ಜನ ಮಾತಾಡಿದರೆ ರಾತ್ರಿ ಹನ್ನೊಂದಾಗುತ್ತದೆ.

ಕ್ಯಾಟಿಕಿಸಂ_ಟೀಚರ್
ಮೂವತ್ತು ಜನ ಮಾತಾಡಬೇಡಿ. ನಾಲ್ಕೇ ವ್ಯಕ್ತಿ, ಏಳು-ಎಂಟು ಜನರ ನಾಲ್ಕು ಗುಂಪು. ಪ್ರತಿ ಗುಂಪಿಗೆ ಮೂರು ವಾರ ಮುಂಚೆ ಹೆಸರು ಕೊಡಿ. ಒಂದೇ ಹಾಳೆ ತಯಾರಾಗಬೇಕು: ಐದು ಇಸವಿ, ಎರಡು ಊರು, ಅವರು ತೆಗೆದುಕೊಂಡ ಒಂದು ಕಷ್ಟದ ತೀರ್ಮಾನ, ಅವರ ಒಂದು ತಪ್ಪು ಅಥವಾ ಸೋಲು, ಕೊನೆಗೆ ಕೇಳುವ ಪ್ರಶ್ನೆ. ತಪ್ಪಿನ ಸಾಲು ಖಾಲಿ ಬಂದರೆ ಹಾಳೆ ವಾಪಸ್ ಕಳಿಸಿ. ಹೊಗಳಿಕೆ ಭಾಷಣ ತಪ್ಪಿಸುವ ಉಪಾಯ ಅದೊಂದೇ.

ಆ ಸಂಜೆ ಒಂದು ಕುರ್ಚಿ ಎದುರು ಹಾಕಿ. ಗುಂಪಿನ ಒಬ್ಬರು ಆ ವ್ಯಕ್ತಿಯಾಗಿ ಕೂರಲಿ. ಪರಿಚಯ ಐದು ನಿಮಿಷ, ಪ್ರಶ್ನೋತ್ತರ ಹತ್ತು. ನಾಲ್ಕಕ್ಕೆ ಒಂದು ಗಂಟೆ. ಉಳಿದ ಅರ್ಧ ಗಂಟೆಯಲ್ಲಿ ಶುರುವಿನ ವಾಕ್ಯ, ಒಂದು ಹಾಡು, ಹತ್ತು ನಿಮಿಷ ಮೌನ ಪ್ರಾರ್ಥನೆ. ಕುರ್ಚಿಯಲ್ಲಿ ಕೂತವರಿಗೆ ಒಂದು ಕಟ್ಟುನಿಟ್ಟು: ದಾಖಲೆಯಲ್ಲಿ ಇಲ್ಲದ್ದನ್ನು ಕೇಳಿದರೆ "ಅದು ಬರೆದಿಟ್ಟಿಲ್ಲ" ಅನ್ನಬೇಕು. ಕಟ್ಟಿ ಹೇಳಿದರೆ ಅಲ್ಲಿಗೆ ನಾಟಕ ಆಗುತ್ತದೆ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ವಾಟ್ಸಾಪ್‌ನಲ್ಲಿ ಬರುವ "ಮದರ್ ತೆರೇಸಾ ನುಡಿಮುತ್ತು"ಗಳಲ್ಲಿ ಅವರು ಹೇಳದೇ ಇರುವುದೂ ಸೇರಿಕೊಂಡಿದೆ, ಮೂಲ ಸಿಗದಿದ್ದರೆ ಬಿಡಿ. ಇನ್ನೊಂದು ಭಾಷೆ. ಕನ್ನಡ ಮಾತಾಡುವ ಎಷ್ಟೋ ಹುಡುಗರಿಗೆ ಕನ್ನಡ ಓದುವುದು ನಿಧಾನ. ಹಾಳೆಯ ಅಕ್ಷರ ದೊಡ್ಡದಿರಲಿ, ವಾಕ್ಯ ಚಿಕ್ಕದಿರಲಿ, ಹಿಂದಿನ ಭಾನುವಾರ ಒಮ್ಮೆ ಜೋರಾಗಿ ಓದಿಸಿ.

ಶಾಸನಪ್ರಿಯ
ಮೂಲ ಬೇಕಾದವರಿಗೆ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದೆ. ನೇರವಾಗಿ ಹೋಗಿ ನಿಲ್ಲಬೇಡಿ. ಸಭಾಪಾಲಕರಿಂದ ಒಂದು ಪತ್ರ ತೆಗೆದುಕೊಂಡು, ಮೊದಲೇ ಕೇಳಿಕೊಂಡು, ಯಾವ ವ್ಯಕ್ತಿ ಯಾವ ವರ್ಷ ಅಂತ ಬರೆದುಕೊಂಡು ಹೋಗಿ.

ಅವೆನ್ಯೂರಸ್ತೆ
ಅದಕ್ಕೂ ಮುಂಚೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಡಿಗೆ ಇಡಿ. ಅವೆನ್ಯೂ ರಸ್ತೆಯ ರೈಸ್ ದೇವಾಲಯದಿಂದ ಶುರು, ಭಾನುವಾರ ಅಂಗಡಿಗಳು ಹೆಚ್ಚು ಮುಚ್ಚಿರುವುದರಿಂದ ನಿಂತು ಮಾತಾಡಲು ಜಾಗ ಸಿಗುತ್ತದೆ. ಅಲ್ಲಿಂದ ಹಡ್ಸನ್ ವೃತ್ತ. ಪಕ್ಕದ ನೃಪತುಂಗ ರಸ್ತೆಯಲ್ಲಿ ಗುಡ್ ಶೆಫರ್ಡ್ ಸಿಸ್ಟರ್ಸ್ 1886ರಲ್ಲಿ ತೆರೆದ ಸೇಂಟ್ ಮಾರ್ಥಾಸ್ ಆಸ್ಪತ್ರೆ. ವಿಧಾನಸೌಧ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಎರಡನೇ ನಿಲ್ದಾಣ ಎಂ.ಜಿ. ರಸ್ತೆಗೆ ಇಳಿದು, ಟ್ರಿನಿಟಿ ಕಡೆ ನಡೆದರೆ ಮೇಯೋ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ. ಮೂರು ಗಂಟೆ ಸಾಕು. ನೀರು, ಟೋಪಿ ಇರಲಿ. ಆಸ್ಪತ್ರೆ ಮುಂದೆ ಗುಂಪಾಗಿ ನಿಂತು ಹಾಡಬೇಡಿ, ಒಳಗೆ ರೋಗಿಗಳಿರುತ್ತಾರೆ.

ದಾದಿಯರ_ದೀಪ
ಹೆಚ್ಚಾಗಿ ತೀರಿಕೊಂಡವರನ್ನೇ ಭೇಟಿ ಮಾಡಿಸುತ್ತಿದ್ದೀರಿ. ನಮ್ಮ ನಡುವೆ ಬದುಕಿರುವವರು? ಪ್ರತಿ ಸಭೆಯಲ್ಲೂ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇರುತ್ತಾರೆ, ಕಣ್ಣು ಕಾಣದಿದ್ದರೂ "ಯೆಹೋವನು ನನಗೆ ಕುರುಬನು" ಅಂತ ಇಡೀ ಕೀರ್ತನೆ ಬಾಯಲ್ಲಿ ಇಟ್ಟುಕೊಂಡವರು. ಇಬ್ಬರೇ ಹೋಗಿ, ಹತ್ತು ಜನ ಬೇಡ. ಮನೆಯವರಿಗೆ ಹಿಂದಿನ ದಿನ ಫೋನ್ ಮಾಡಿ, ಊಟ ಔಷಧಿ ಹೊತ್ತು ಕೇಳಿಕೊಳ್ಳಿ. ಇಪ್ಪತ್ತು ನಿಮಿಷ ದಾಟಬೇಡಿ. ಮಂಚದ ಪಕ್ಕ ಕೂತು ಮಾತಾಡಿ, ನಿಂತು ಮಾತಾಡಿದರೆ ಅವರಿಗೆ ಕತ್ತು ನೋಯುತ್ತದೆ. ಒಪ್ಪಿಗೆ ಇಲ್ಲದೆ ವಿಡಿಯೋ ಬೇಡವೇ ಬೇಡ. ಪ್ರಾರ್ಥನೆ ನೀವು ಮಾಡುವ ಮೊದಲು, ನಮಗಾಗಿ ಮಾಡಿ ಅಂತ ಅವರನ್ನು ಕೇಳಿ.

ವಾಕ್ಯವೊಂದೇ
ಇದಕ್ಕೆ ಆಮೆನ್.

ಕೀರ್ತನೆ_ಕಂಟೋನ್ಮೆಂಟ್
ತೀರ್ಮಾನ ಹೀಗಾಗಿದೆ: ರಮಾಬಾಯಿ, ಮೇರಿ ವರ್ಗೀಸ್, ಉತ್ತಂಗಿ ಚನ್ನಪ್ಪ, ಮದರ್ ತೆರೇಸಾ. ಕಿಟೆಲ್ ನಡಿಗೆಯಲ್ಲಿ ಸಿಗುತ್ತಾರೆ. ಐದನೇ ಗುಂಪು ಇಬ್ಬಿಬ್ಬರಾಗಿ ಹಿರಿಯರ ಮನೆಗಳಿಗೆ. ಹಳೇಪುಟ ಸರ್, ನಿಘಂಟಿನ "ನಂಬು" ಪುಟವನ್ನು ಹಾಳೆಯ ಹಿಂಬದಿಗೆ ಅಚ್ಚು ಹಾಕಿಸೋಣ ಅಂತಿದ್ದೇವೆ.

ಹಳೇಪುಟ
ಹಾಕಿಸಿ. ಆದರೆ ಸಣ್ಣ ಹಾಳೆಗೆ ಕುಗ್ಗಿಸಬೇಡಿ, ಆ ಅಕ್ಷರ ಮೊದಲೇ ಚಿಕ್ಕದು. ಆ ಒಂದು ಪದದ ಭಾಗ ಮಾತ್ರ ಕತ್ತರಿಸಿ ದೊಡ್ಡದು ಮಾಡಿ.

ಧಾರವಾಡ_ಪೇಡೆ
ಉತ್ತಂಗಿಯವರ ಗುಂಪಿನವರು ಸರ್ವಜ್ಞನ ನಾಕು ತ್ರಿಪದಿನಾದ್ರೂ ಬಾಯಿಪಾಠ ಮಾಡ್ಕೊಂಡು ಬರಲಿ. ಹಾಳಿ ನೋಡಿ ಓದಿದ್ರ ನಡೆಯಂಗಿಲ್ಲ.